ಸಾವಿರಕ್ಕೆ ಎಷ್ಟು ಉಂಟು ನಿಂದು?

ನನ್ನ ಅಮ್ಮ ಬೀಡಿ ಕಟ್ಟುತ್ತಾಳೆ. ಸಂಜೆ ಅಡುಗೆ ಮುಗಿಸಿ ಗೆರಸೆ ಮಡಿಲಲ್ಲಿಟ್ಟು ಕೂತರೆ ಕಣ್ಣು ಟಿವಿ ಮೇಲೆ, ಕೈ ಎಲೆ ಮೇಲೆ. ಸಾವಿರಕ್ಕೆ ಮಜೂರಿ ಎಷ್ಟು, ಈ ವಾರ ಎಲೆ ಎಷ್ಟು ಹಾಳು ಬಂತು, ಬ್ರಾಂಚಿನಲ್ಲಿ ಎಷ್ಟು ಬೀಡಿ ಬದಿಗೆ ಹಾಕಿದರು, ಎಲ್ಲ ಲೆಕ್ಕವೂ ಅವಳಿಗೆ ಬಾಯಿಪಾಠ.

ಕಳೆದ ವರ್ಷ ಮಾರ್ಚ್‌ನ ಒಂದು ರಾತ್ರಿ, ಹನ್ನೊಂದೂವರೆ ಇರಬೇಕು. ನಾನು ಯಾರದೋ ಗೃಹಪ್ರವೇಶದ ಆಮಂತ್ರಣವನ್ನು ಏಳನೇ ಸಲ ತಿದ್ದುತ್ತಿದ್ದೆ. ಮರುದಿನ ಇಂಟರ್ನಲ್ಸ್. ಅಮ್ಮ ಕೇಳಿದಳು, ‘ಅದಕ್ಕೆ ಎಷ್ಟು ಕೊಡ್ತಾರೆ ಮಗಾ?’

‘ಎಂತ ಇಲ್ಲಮ್ಮ, ಪರಿಚಯದವರು.’

‘ನನಗೆ ಸಾವಿರಕ್ಕೆ ಇಷ್ಟು ಅಂತ ಉಂಟು. ನಿಂದು ಎಷ್ಟು ಉಂಟು?’

ಇಂಜಿನಿಯರಿಂಗ್ ಓದುವ ಮಗನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಈ ಲೇಖನ ಬರೆಯುತ್ತಿರುವುದೂ ಅದಕ್ಕೇ.

ನಮ್ಮ ಹೆಬ್ರಿ ಪೇಟೆಯಲ್ಲಿ ನವೆಂಬರ್‌ನಿಂದ ಮೇ ತನಕ ತಲೆ ಎತ್ತಿದರೆ ಆಕಾಶಕ್ಕಿಂತ ಮೊದಲು ಕಾಣುವುದು ಫ್ಲೆಕ್ಸ್. ನೇಮ, ಕೋಲ, ಬ್ರಹ್ಮಕಲಶ, ಯಕ್ಷಗಾನ, ಕ್ರಿಕೆಟ್ ಟೂರ್ನಮೆಂಟ್, ಭಜನಾ ಮಂಗಲ, ಎಲ್ಲಕ್ಕೂ ಒಂದೊಂದು. (2016ರಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದೆ ಎಂಬುದನ್ನು ನೆನಪು ಮಾಡಿದರೆ ನಮ್ಮೂರಲ್ಲಿ ನಗುತ್ತಾರೆ. ಬಟ್ಟೆಯ ಬ್ಯಾನರ್ ಮಾಡೋಣ ಎಂದು ನಾನು ಇಬ್ಬರಿಗೆ ಹೇಳಿ ನೋಡಿದ್ದೇನೆ. ಒಬ್ಬರು ಒಪ್ಪಿದರು.) ಈ ಸೀಸನ್‌ನಲ್ಲಿ ಲ್ಯಾಪ್‌ಟಾಪ್ ಇರುವ ಪ್ರತಿ ಹುಡುಗ, ಹುಡುಗಿಯೂ ಡಿಸೈನರ್. ಅಂದರೆ ಕೆಲಸ ಇದೆ. ಅದನ್ನು ನಾವು ಕೆಲಸ ಎಂದುಕೊಂಡಿಲ್ಲ, ಅಷ್ಟೇ.

ಕ್ಯಾಂಪಸ್ ಸೆಲೆಕ್ಷನ್‌ಗೆ ಎಷ್ಟು ಕಂಪನಿ ಬರುತ್ತದೆ ಎಂದು ಕಾರ್ಕಳದ ಬಸ್ಸಿನಲ್ಲಿ ದಿನಾ ಮಾತಾಡಿಕೊಳ್ಳುವ ನಮಗೆ, ಕೈಯಲ್ಲೇ ಇರುವ ಈ ಸಣ್ಣ ಸಂಪಾದನೆ ಕಾಣುವುದಿಲ್ಲ. ಇದರಿಂದಲೇ ಬದುಕು ಕಟ್ಟಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಬಸ್ ಪಾಸ್, ಪರೀಕ್ಷಾ ಶುಲ್ಕ, ಪ್ರಾಜೆಕ್ಟ್‌ಗೆ ಬೇಕಾದ ಬಿಡಿಭಾಗ ಇಷ್ಟಕ್ಕೆ ಮನೆಯಲ್ಲಿ ಕೈ ಚಾಚದೆ ಇರಬಹುದು. ಬೀಡಿ ಕಟ್ಟುವ ಮನೆಗಳಲ್ಲಿ ಅದು ಸಣ್ಣ ವಿಷಯವಲ್ಲ.

‘ದೊಡ್ಡ ಸಾಫ್ಟ್‌ವೇರ್ ಬೇಕಲ್ಲ, ಅದಕ್ಕೆ ತಿಂಗಳಿಗೆ ದುಡ್ಡು ಕಟ್ಟಬೇಕಲ್ಲ’ ಎಂದು ಗೆಳೆಯರು ಕೇಳುತ್ತಾರೆ. ಒಂದು ಪಾಪ ಒಪ್ಪಿಕೊಳ್ಳುತ್ತೇನೆ. ಮೊದಲ ವರ್ಷ ನಾನೂ ಕ್ರ್ಯಾಕ್ ಮಾಡಿದ ಪ್ರತಿಯನ್ನೇ ಹಾಕಿಕೊಂಡಿದ್ದೆ. ಎರಡು ತಿಂಗಳಲ್ಲಿ ಅದರ ಜೊತೆ ಬಂದ ವೈರಸ್ ಲ್ಯಾಬ್ ರೆಕಾರ್ಡ್ ಸಮೇತ ಎಲ್ಲವನ್ನೂ ತಿಂದು ಹಾಕಿತು. ಆಮೇಲೆ ನಾಲ್ಕು ಜಿಬಿ ರ‍್ಯಾಮ್‌ನ ಆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗೆ ಇಂಕ್‌ಸ್ಕೇಪ್ ಹಾಕಿದೆ. ಲೋಗೊ, ಆಮಂತ್ರಣ, ಬ್ಯಾನರ್, ಮುಕ್ಕಾಲು ಪಾಲು ಕೆಲಸ ಅದರಲ್ಲೇ ಆಗುತ್ತದೆ. ಫೋಟೊ ತಿದ್ದಲು ಗಿಂಪ್ ಇದೆ. ಯಾರಾದರೂ ಫೋಟೊಶಾಪ್ ಫೈಲ್ ಕಳಿಸಿದರೆ ಬ್ರೌಸರ್‌ನಲ್ಲೇ ತೆರೆಯುವ ಫೋಟೊಪಿಯಾ ಇದೆ. ಚಿತ್ರ ಬಿಡಿಸುವವರಿಗೆ ಕ್ರಿಟಾ. ಸ್ಮರಣ ಸಂಚಿಕೆಯಂಥ ಪುಟಗಟ್ಟಲೆ ಕೆಲಸಕ್ಕೆ ಸ್ಕ್ರೈಬಸ್. ಹಳೆಯ ಸ್ಕ್ರೈಬಸ್ ಕನ್ನಡವನ್ನು ಒಡೆದು ಹಾಕುತ್ತಿತ್ತು, 2024ರಲ್ಲಿ ಬಂದ 1.6 ಆವೃತ್ತಿ ಹಾಗೆ ಮಾಡುವುದಿಲ್ಲ. ಎಲ್ಲವೂ ಉಚಿತ. ಕ್ಯಾನ್ವಾ ಎಲ್ಲರಿಗೂ ಗೊತ್ತಿದೆ, ಅವಸರದ ವಾಟ್ಸ್‌ಆ್ಯಪ್ ಪೋಸ್ಟರ್‌ಗೆ ಒಳ್ಳೆಯದು. ಲೋಗೊ ಮಾತ್ರ ಅದರ ಟೆಂಪ್ಲೇಟ್‌ನಿಂದ ಮಾಡಿ ಕೊಡಬೇಡಿ. ಅದೇ ಚಿಹ್ನೆಯನ್ನು ಜಗತ್ತಿನಲ್ಲಿ ಇನ್ನೂ ಸಾವಿರ ಮಂದಿ ಬಳಸುತ್ತಿರುತ್ತಾರೆ. ಅದನ್ನು ಟ್ರೇಡ್‌ಮಾರ್ಕ್ ಮಾಡಿಸಲು ಅವರ ನಿಯಮವೂ ಬಿಡುವುದಿಲ್ಲ.

ಸಾಫ್ಟ್‌ವೇರ್ ಕಲಿಯುವುದು ಹದಿನೈದು ದಿನದ ಕೆಲಸ. ನನ್ನನ್ನು ನಿಜಕ್ಕೂ ಅಳಿಸಿದ್ದು ಕನ್ನಡದ ಒತ್ತಕ್ಷರ.

ಒಂದು ಭಜನಾ ಮಂಡಳಿಯ ವಾರ್ಷಿಕೋತ್ಸವದ ಆಮಂತ್ರಣ ನನ್ನ ಮೊದಲ ಸಂಭಾವನೆಯ ಕೆಲಸ. ಐನೂರು ಪ್ರತಿ. ಚೆಂದ ಮಾಡಿ ಫೈಲನ್ನು ಹಾಗೆಯೇ ಪ್ರೆಸ್ಸಿಗೆ ಕಳಿಸಿದೆ. ಅವರ ಕಂಪ್ಯೂಟರ್‌ನಲ್ಲಿ ನಾನು ಬಳಸಿದ ಫಾಂಟ್ ಇರಲಿಲ್ಲ, ಸಾಫ್ಟ್‌ವೇರ್ ಹಳೆಯದು. ‘ಪ್ರಾರ್ಥನೆ’ಯಲ್ಲಿ ಅರ್ಕಾವತ್ತು ಎಲ್ಲಿಗೋ ಹೋಯಿತು. ‘ಬ್ರಹ್ಮಶ್ರೀ’ ತುಂಡು ತುಂಡಾಗಿ ‘ಬ್‌ರಹ್‌ಮಶ್‌ರೀ’ ಆಯಿತು. ಮುಖ್ಯ ಅತಿಥಿಗಳ ಹೆಸರಿನಲ್ಲಿದ್ದ ಒತ್ತು ಹಾರಿ ಹೋಗಿ ಹೆಸರೇ ಬದಲಾಯಿತು. ಪ್ರೂಫ್ ನೋಡುವುದು ನನ್ನ ಜವಾಬ್ದಾರಿ ಎಂದು ನನಗೆ ಗೊತ್ತೇ ಇರಲಿಲ್ಲ. ಐನೂರೂ ಅಚ್ಚಾಗಿ ಬಂದಾಗ ಮಂಡಳಿಯ ಹಿರಿಯರು, ‘ಪರವಾಗಿಲ್ಲ ಮಾರಾಯ, ಆಗ್ತದೆ’ ಎಂದರು. ಬೈದಿದ್ದರೆ ಚೆನ್ನಾಗಿತ್ತು. ಪರೀಕ್ಷಾ ಶುಲ್ಕಕ್ಕೆಂದು ಇಟ್ಟಿದ್ದ 2,200 ರೂಪಾಯಿ ಕೊಟ್ಟು ಮತ್ತೆ ಅಚ್ಚು ಹಾಕಿಸಿದೆ. ಶುಲ್ಕವನ್ನು ಅಮ್ಮನೇ ಕಟ್ಟಿದಳು. ಅದು ಎಷ್ಟು ಸಾವಿರ ಬೀಡಿ ಎಂದು ಲೆಕ್ಕ ಹಾಕುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಯಾಕೆ ಹೀಗಾಗುತ್ತದೆ ಎಂದು ಆಮೇಲೆ ಕೂತು ಓದಿದೆ. ಯುನಿಕೋಡ್‌ನಲ್ಲಿ ‘ಶ್ರೀ’ ಎಂಬುದಕ್ಕೆ ಒಂದೇ ಸಂಕೇತ ಇಲ್ಲ. ‘ಶ’, ಹಲಂತ, ‘ರ’, ದೀರ್ಘದ ಗುರುತು ಎಂದು ಬಿಡಿಬಿಡಿಯಾಗಿ ಶೇಖರವಾಗಿರುತ್ತದೆ. ಅವನ್ನು ಕೂಡಿಸಿ ಒತ್ತನ್ನು ಕೆಳಗೆ ಕೂರಿಸುವುದು ತೆರೆಯ ಹಿಂದಿನ ಇನ್ನೊಂದು ವ್ಯವಸ್ಥೆ. ಅದಿಲ್ಲದ ಸಾಫ್ಟ್‌ವೇರ್‌ನಲ್ಲಿ ಅಕ್ಷರ ಒಡೆಯುತ್ತದೆ. ನಮ್ಮ ಪ್ರೆಸ್ಸುಗಳಲ್ಲಿ ಇಂದಿಗೂ ಓಡುತ್ತಿರುವುದು ನುಡಿ, ಶ್ರೀಲಿಪಿಯ ಹಳೆಯ ಫಾಂಟುಗಳು, ಜೊತೆಗೆ ಪೇಜ್‌ಮೇಕರ್. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ನಾನು ಹುಟ್ಟುವ ಮೊದಲು! ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದವು. ಹಾಗಾಗಿ ಅಲ್ಲಿಯ ಬರಹ ಇಲ್ಲಿಗೆ, ಇಲ್ಲಿಯದು ಅಲ್ಲಿಗೆ ನೇರ ಹೋಗುವುದಿಲ್ಲ, ಪರಿವರ್ತಕದಲ್ಲಿ ಹಾಕಿ ತೆಗೆಯಬೇಕು. ತೆಗೆದ ಮೇಲೆ ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಬೇಕು.

ಈಗ ನಾನು ಪ್ರೆಸ್ಸಿಗೆ ಕಳಿಸುವ ಮೊದಲು ಅಕ್ಷರಗಳನ್ನೆಲ್ಲ ಪಾಥ್‌ಗೆ ಬದಲಿಸಿ, ಅಂದರೆ ಅಕ್ಷರವನ್ನು ಚಿತ್ರದ ಗೆರೆಯಾಗಿ ಮಾಡಿ, ಪಿಡಿಎಫ್ ಕೊಡುತ್ತೇನೆ. ಮೂಲ ಫೈಲ್ ಬೇರೆಯೇ ಉಳಿಸಿಕೊಳ್ಳುತ್ತೇನೆ, ಒಮ್ಮೆ ಗೆರೆಯಾದದ್ದನ್ನು ಮತ್ತೆ ಟೈಪ್ ಮಾಡಿ ತಿದ್ದಲಾಗುವುದಿಲ್ಲ. ಆಮಂತ್ರಣವಾದರೆ ಸುತ್ತಲೂ ಮೂರು ಮಿಲಿಮೀಟರ್ ಹೆಚ್ಚು ಬಣ್ಣ ಬಿಡಬೇಕು, ಇಲ್ಲದಿದ್ದರೆ ಕತ್ತರಿಸುವಾಗ ಬಿಳಿ ಅಂಚು ಉಳಿಯುತ್ತದೆ. ಫೋಟೊ 300 ಡಿಪಿಐ ಇರಬೇಕು. ದೂರದಿಂದ ನೋಡುವ ದೊಡ್ಡ ಬ್ಯಾನರ್‌ಗೆ ಅಷ್ಟು ಬೇಕಿಲ್ಲ. ಕಾಲೇಜಿನ ಕಂಪ್ಯೂಟರ್‌ನಲ್ಲಿ ಹಳೆಯ ಫೋಟೊಶಾಪ್ ಬಳಸುವವರು ಪ್ರಿಫರೆನ್ಸ್‌ನ ಟೈಪ್ ವಿಭಾಗಕ್ಕೆ ಹೋಗಿ ‘ವರ್ಲ್ಡ್ ರೆಡಿ’ ಆಯ್ಕೆ ಮಾಡಿಕೊಂಡರೆ ಕನ್ನಡ ಸರಿಯಾಗಿ ಕೂರುತ್ತದೆ. ಇದೊಂದು ಗೊತ್ತಿಲ್ಲದೆ ‘ಫೋಟೊಶಾಪ್‌ನಲ್ಲಿ ಕನ್ನಡ ಬರಲ್ಲ’ ಎನ್ನುವವರು ನನ್ನ ಕ್ಲಾಸಿನಲ್ಲೇ ಇದ್ದಾರೆ. ಕೊನೆಯದಾಗಿ ಅಚ್ಚಿನ ಪ್ರತಿಯನ್ನು ಅಮ್ಮನಿಗೆ ಜೋರಾಗಿ ಓದಲು ಹೇಳುತ್ತೇನೆ. ಏಳನೇ ಕ್ಲಾಸ್ ಓದಿದ ಅವಳು ಹಿಡಿದಷ್ಟು ತಪ್ಪನ್ನು ನನ್ನ ಫೋನು ಹಿಡಿದಿಲ್ಲ.

ಕನ್ನಡ ಫಾಂಟ್ ಸಿಗುವುದಿಲ್ಲ ಎಂಬ ದೂರೂ ಹಳತಾಯಿತು. ನೋಟೊ ಸ್ಯಾನ್ಸ್, ನೋಟೊ ಸೆರಿಫ್, ದಪ್ಪ ತಲೆಬರಹಕ್ಕೆ ಬಲೂ ತಮ್ಮ, ತೆಳುವಿನಿಂದ ದಪ್ಪದ ತನಕ ಎಳೆಯಬಹುದಾದ ಅನೇಕ್, ಪುಸ್ತಕದಂಥ ಬರಹಕ್ಕೆ ತಿರೊ ಕನ್ನಡ, ಇನ್ನು ಬೆಣ್ಣೆ, ಹುಬ್ಬಳ್ಳಿ, ಅಕಾಯ ಕನಡಕ. ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿವೆ. ಮುಕ್ತ ಪರವಾನಗಿ ಇರುವುದರಿಂದ ದುಡ್ಡಿನ ಕೆಲಸಕ್ಕೂ ಬಳಸಬಹುದು. ಒಂದು ವಿಷಯ ನನಗೆ ಹೆಮ್ಮೆಯದು. ನಾವು ಇಂದು ಟೈಪ್ ಮಾಡುವ ಕನ್ನಡ ಕೀಲಿಮಣೆಯ ವಿನ್ಯಾಸ ಕೊಟ್ಟವರು ಮಣಿಪಾಲದಲ್ಲಿ ನೆಲೆಸಿದ್ದ ಕೆ.ಪಿ. ರಾವ್. ಕಿನ್ನಿಕಂಬಳದಲ್ಲಿ ಹುಟ್ಟಿದವರು. ತಮ್ಮ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದು ವಿದ್ವಾಂಸರ ಹೆಸರಿಟ್ಟರು. ಇನ್ನೂ ಹಿಂದೆ ಹೋದರೆ, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಬಂದದ್ದೂ ನಮ್ಮ ಕರಾವಳಿಯಲ್ಲೇ. ಅಂಥ ಊರಿನವರು ಒತ್ತಕ್ಷರ ಒಡೆದ ಫ್ಲೆಕ್ಸ್ ಕೆಳಗೆ ನಿಂತು ಬಸ್ ಕಾಯುತ್ತೇವೆ.

ಸ್ಫೂರ್ತಿಗೆ ಎಲ್ಲರೂ ಬಿಹ್ಯಾನ್ಸ್, ಪಿಂಟರೆಸ್ಟ್ ನೋಡುತ್ತಾರೆ, ನಾನೂ ನೋಡುತ್ತೇನೆ. ಅಲ್ಲಿ ಕಂಡದ್ದನ್ನೇ ಎಲ್ಲರೂ ಮಾಡುವುದರಿಂದ ಎಲ್ಲ ಕೆಫೆಗಳ ಲೋಗೊ ಒಂದೇ ಥರ ಕಾಣುತ್ತಿವೆ. ಬಸ್ಸಿನಲ್ಲಿ ವರಂಗ ದಾಟುವಾಗ ಕೆರೆ ನಡುವಿನ ಬಸದಿಯನ್ನು ನೆನೆಯಿರಿ: ಸುತ್ತ ಅಷ್ಟು ಖಾಲಿ ಜಾಗ ಬಿಟ್ಟದ್ದರಿಂದಲೇ ಅದು ಅಷ್ಟು ಚೆಂದ. ಫ್ಲೆಕ್ಸ್‌ನಲ್ಲಿ ಮೂವತ್ತೆರಡು ಮಂದಿಯ ಫೋಟೊ ತುಂಬಿಸಲು ಹೇಳುವವರಿಗೆ ಅದನ್ನು ತೋರಿಸಬೇಕು. 1901ರ ಕಾಪು ದೀಪಸ್ತಂಭ ಕಪ್ಪು ಬಿಳುಪಿನ ಪಟ್ಟೆಯಲ್ಲಿಯೇ ದೂರಕ್ಕೆ ಕಾಣುತ್ತದೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಒಮ್ಮೆ ನೋಡಿ, ನಾಲ್ಕೈದು ಗೆರೆಯಲ್ಲಿ ಕುಣಿಯುವವಳು ಬಂದು ನಿಲ್ಲುತ್ತಾಳೆ. ಪುಸ್ತಕದಂಗಡಿಗೆ ಹೋದರೆ ಅಪಾರ ಅವರ ಮುಖಪುಟಗಳನ್ನು ತಿರುವಿ ನೋಡಿ. ಕನ್ನಡ ಅಕ್ಷರವನ್ನೇ ಚಿತ್ರವಾಗಿಸುವುದು ಹೇಗೆಂದು ಪುಕ್ಕಟೆ ಪಾಠ.

ಯಕ್ಷಗಾನದ ಪೋಸ್ಟರ್ ಮಾಡುವವರಿಗೆ ಒಂದು ಮಾತು. ತೆಂಕುತಿಟ್ಟಿನ ಆಟಕ್ಕೆ ಬಡಗಿನ ಮುಂಡಾಸಿನ ವೇಷ ಹಾಕಿದರೆ ಊರಿನ ಅಜ್ಜಂದಿರು ಬಿಡುವುದಿಲ್ಲ. ಎಐಗೆ ಹೇಳಿ ವೇಷ ಬರೆಸಿದರೆ ಅದು ಎರಡನ್ನೂ ಬೆರೆಸಿ ಕಥಕಳಿ ಸೇರಿಸಿ ಕೊಡುತ್ತದೆ, ಜೊತೆಗೆ ಯಾವ ಭಾಷೆಯೂ ಅಲ್ಲದ ಕನ್ನಡ ಬೇರೆ. ನೆಟ್‌ನಲ್ಲಿ ಸಿಕ್ಕಿದ ಫೋಟೊ ತೆಗೆದು ಹಾಕುವುದೂ ಸರಿಯಲ್ಲ. ನಾನು ಹಾಗೆ ಹಾಕಿದ್ದ ಒಂದು ವೇಷದ ಚಿತ್ರ ನಮ್ಮ ಪಕ್ಕದೂರಿನ ಫೋಟೊಗ್ರಾಫರ್ ಒಬ್ಬರದು. ಅವರು ಫೋನ್ ಮಾಡಿ ಕೇಳಿದ್ದು ಇಷ್ಟೇ: ‘ನಿನ್ನ ಡಿಸೈನ್ ಯಾರಾದರೂ ಹೀಗೆ ತೆಗೆದರೆ?’ ಈಗ ಅವರ ಅನುಮತಿ ಕೇಳಿ, ಮೂಲೆಯಲ್ಲಿ ಅವರ ಹೆಸರು ಹಾಕುತ್ತೇನೆ. ದೇವರ ಚಿತ್ರ ಬೇಕಾದರೆ ರಾಜಾ ರವಿವರ್ಮ ಇದ್ದಾರೆ. 1906ರಲ್ಲಿ ತೀರಿಕೊಂಡವರು, ನಮ್ಮ ಕಾನೂನಿನಲ್ಲಿ ಕೃತಿಕಾರರು ಸತ್ತು ಅರವತ್ತು ವರ್ಷದ ತನಕ ಮಾತ್ರ ಹಕ್ಕುಸ್ವಾಮ್ಯ.

ಈ ವಿದ್ಯೆಯನ್ನೇ ಮುಂದೆ ಓದಬೇಕೆನ್ನುವವರಿಗೆ ದಾರಿ ಇದೆ. ಐಐಟಿ ಬಾಂಬೆ ನಡೆಸುವ ಸೀಡ್ ಪರೀಕ್ಷೆಯನ್ನು ಬಿಇ ಕೊನೆಯ ವರ್ಷದಲ್ಲಿರುವವರೂ ಬರೆಯಬಹುದು, ಅದರಿಂದ ಡಿಸೈನ್‌ನಲ್ಲಿ ಸ್ನಾತಕೋತ್ತರ ಪದವಿಗೆ ಹೋಗಬಹುದು. ಅಕ್ಷರ ವಿನ್ಯಾಸದ ಉಚಿತ ಪಾಠಗಳು ಅದೇ ಸಂಸ್ಥೆಯ ಡಿಸೋರ್ಸ್‌ನಲ್ಲಿವೆ. ನಾನು ಮುಂದಿನ ವರ್ಷ ಬರೆಯಬೇಕೆಂದಿದ್ದೇನೆ, ಮನೆಯಲ್ಲಿ ಇನ್ನೂ ಹೇಳಿಲ್ಲ.

ಮತ್ತೆ ಅಮ್ಮನ ಪ್ರಶ್ನೆಗೆ ಬರುತ್ತೇನೆ. ಕಾಲೇಜು ಫೆಸ್ಟ್ ಆದರೆ ಶಾಮಿಯಾನದವರಿಗೆ ದುಡ್ಡು, ಸೌಂಡ್‌ನವರಿಗೆ ದುಡ್ಡು, ಊಟದವರಿಗೆ ದುಡ್ಡು, ಹತ್ತು ರಾತ್ರಿ ಕೂತು ಪೋಸ್ಟರ್ ಮಾಡಿದವನಿಗೆ ಸರ್ಟಿಫಿಕೇಟ್. ಊರಲ್ಲೂ ಹಾಗೆಯೇ. ‘ಎಂತ ಮಾರಾಯ, ಐದು ನಿಮಿಷದ ಕೆಲಸ ಅಲ್ವಾ’ ಎನ್ನುತ್ತಾರೆ. ಕೇಳುವವರದ್ದು ಮಾತ್ರ ತಪ್ಪಲ್ಲ, ದರ ಹೇಳಲು ನಾಚುವ ನಮ್ಮದೂ ಇದೆ. ವಿದೇಶದ ಗಿರಾಕಿ ಸಿಗುತ್ತಾರೆಂದು ಫೈವರ್‌ನಲ್ಲಿ ಖಾತೆ ತೆರೆದು, ಸಿಕ್ಕಿದ್ದರಲ್ಲಿ ಶೇ 20 ಅವರಿಗೆ ಕೊಡಲು ನಾವು ತಯಾರು. ಪಕ್ಕದ ಬೇಕರಿ ಅಣ್ಣನ ಹತ್ತಿರ ಇನ್ನೂರೈವತ್ತು ಕೇಳಲು ಗಂಟಲು ಕಟ್ಟುತ್ತದೆ. ದೇವಸ್ಥಾನದ ಕೆಲಸಕ್ಕೆ ದುಡ್ಡು ಬೇಡ ಎನ್ನುವುದು ನನ್ನ ಇಷ್ಟ, ಅದು ಸೇವೆ. ಆದರೆ ನಾನೇ ಇಷ್ಟಪಟ್ಟು ಕೊಟ್ಟರೆ ಸೇವೆ, ಕೇಳದೆಯೇ ತೆಗೆದುಕೊಂಡರೆ ಅದಕ್ಕೆ ಬೇರೆ ಹೆಸರು.

ಹಾಗಾಗಿ ಹಾಳೆಯಲ್ಲಿ ಬರೆದೆ. ಬ್ಯಾನರ್ 250, ಆಮಂತ್ರಣ 400, ಲೋಗೊ 2,500. ಅರ್ಧ ಮುಂಗಡ. ಎರಡು ಸಲ ತಿದ್ದುಪಡಿ ಉಚಿತ, ಮೂರನೆಯದರಿಂದ ಐವತ್ತು ರೂಪಾಯಿ. ಅಕ್ಷರ ತಪ್ಪು ನನ್ನದಾದರೆ ಮರುಮುದ್ರಣ ನನ್ನ ಖರ್ಚು. ಕೊನೆಯ ಸಾಲು ಬೇಡ ಎಂದು ಗೆಳೆಯ ಹೇಳಿದ. ನಾನು ತೆಗೆಯಲಿಲ್ಲ, ಬ್ರಾಂಚಿನಲ್ಲಿ ಅಮ್ಮನ ಕೆಟ್ಟ ಬೀಡಿಗೂ ಯಾರೂ ದುಡ್ಡು ಕೊಡುವುದಿಲ್ಲ.

ಅಮ್ಮನಿಗೆ ತೋರಿಸಿದೆ. ಅವಳು ಎರಡು ಸಲ ಓದಿ, ‘ಮುಂಗಡ’ದಲ್ಲಿ ಸೊನ್ನೆ ಬಿಟ್ಟು ಹೋಗಿದೆ ಎಂದಳು. ನಿಜ, ‘ಮುಗಡ’ ಎಂದಿತ್ತು. ತಿದ್ದಿ ಹಿಂದಿನ ನಾಲ್ಕು ಗಿರಾಕಿಗಳಿಗೆ ವಾಟ್ಸ್‌ಆ್ಯಪ್ ಮಾಡಿದೆ. ಮೂವರು ನೋಡಿ ಸುಮ್ಮನಾದರು. ನಾಲ್ಕನೆಯವರು, ಮುದ್ರಾಡಿ ಕಡೆ ಹೋಮ್‌ಸ್ಟೇ ಶುರು ಮಾಡುತ್ತಿರುವವರು, ಅರ್ಧ ಗಂಟೆ ಬಿಟ್ಟು ಫೋನ್ ಮಾಡಿದರು. ‘ಲೋಗೊಗೆ ಮುಂಗಡ ಸಾವಿರದ ಇನ್ನೂರೈವತ್ತಲ್ವಾ? ಯಾವ ನಂಬರಿಗೆ ಹಾಕ್ಲಿ?’