ದಾಕ್ಷಿಣ್ಯದ ಸಹಿ ಮತ್ತು ಶ್ರಾವಕನ ಹೊಣೆ

ಸಾಧರ್ಮಿಯೊಬ್ಬನು ಸಾಲದ ಪತ್ರ ಹಿಡಿದು ಬಂದಾಗ ಜಾಮೀನುದಾರನಾಗಿ ಸಹಿ ಹಾಕಿಕೊಡುವುದು ವಾತ್ಸಲ್ಯಾಂಗದ ಲಕ್ಷಣವೆಂಬ ಅಭಿಪ್ರಾಯ ನಮ್ಮ ಸಮಾಜದಲ್ಲಿ ಬೇರೂರಿದೆ. ಹಿಂಜರಿದವನು ಲೋಭಿಯೆಂದೂ, ಕೇಳಿದೊಡನೆ ಲೇಖನಿ ತೆಗೆದವನು ಉದಾರಿಯೆಂದೂ ಬಸದಿಯ ಜಗಲಿಯಲ್ಲೇ ತೀರ್ಪಾಗಿಬಿಡುತ್ತದೆ. ಈ ಅಭಿಪ್ರಾಯವು ಶಾಸ್ತ್ರಕ್ಕೂ ಒಪ್ಪುವುದಿಲ್ಲ, ವ್ಯವಹಾರಕ್ಕೂ ಒಪ್ಪುವುದಿಲ್ಲ ಎಂಬುದು ನನ್ನ ವಾದ. ಓದದೆ ಹಾಕಿದ ಜಾಮೀನು ಸಹಿಯು ವಾತ್ಸಲ್ಯವಲ್ಲ, ಪ್ರಮಾದ. ಹಿಂಸೆಯ ಮೂಲವನ್ನು ಉಮಾಸ್ವಾಮಿ ಆಚಾರ್ಯರು ಪ್ರಮಾದದಲ್ಲಿಯೇ ಕಂಡರೆಂಬುದನ್ನು ತತ್ತ್ವಾರ್ಥಸೂತ್ರದ ಸ್ವಾಧ್ಯಾಯ ಮಾಡುವವರಿಗೆ ನೆನಪಿಸಬೇಕಾಗಿಲ್ಲ.

ಜಾಮೀನಿನಲ್ಲಿ ಭೇದಗಳುಂಟೆಂಬುದು ಹಿಂದಿನವರಿಗೆ ಚೆನ್ನಾಗಿ ತಿಳಿದಿತ್ತು. ಯಾಜ್ಞವಲ್ಕ್ಯ ಸ್ಮೃತಿಯು ವೈದಿಕ ಗ್ರಂಥವೇ ಆದರೂ, ನಮ್ಮ ಕಲ್ಯಾಣದ ವಿಜ್ಞಾನೇಶ್ವರನು ಅದಕ್ಕೆ ಬರೆದ ಮಿತಾಕ್ಷರಾ ವ್ಯಾಖ್ಯಾನವನ್ನು ನ್ಯಾಯಾಲಯಗಳು ಬಹುಕಾಲ ಜೈನ ಕುಟುಂಬಗಳಿಗೂ ಅನ್ವಯಿಸಿದ್ದರಿಂದ ಅದರ ಮಾತು ಇಲ್ಲಿ ಪ್ರಸ್ತುತ. ಸ್ಮೃತಿಯು ಮೂರು ಬಗೆಯ ಹೊಣೆಯನ್ನು ಹೇಳುತ್ತದೆ. ಸಾಲಗಾರನನ್ನು ಕರೆತಂದು ನಿಲ್ಲಿಸುವೆನೆಂಬುದು ದರ್ಶನ. ಇವನು ನಂಬಿಕೆಗೆ ಅರ್ಹನೆಂಬ ಭರವಸೆ ಪ್ರತ್ಯಯ. ಅವನು ಕೊಡದಿದ್ದರೆ ನಾನೇ ಕೊಡುವೆನೆಂಬುದು ದಾನ. ಮೊದಲೆರಡು ಬಗೆಯ ಹೊಣೆ ಹೊತ್ತವನು ತೀರಿಕೊಂಡರೆ ಮಕ್ಕಳು ಹಣ ಕೊಡಬೇಕಾಗಿರಲಿಲ್ಲ. ಮೂರನೆಯದು ಮಕ್ಕಳ ತಲೆಯ ಮೇಲೂ ಬರುತ್ತಿತ್ತು. ತಂದೆಯ ಸಾಲ ತೀರಿಸುವ ಮಗನ ಆ ಧಾರ್ಮಿಕ ಹೊಣೆಯನ್ನು ಹೊಸ ಸಾಲಗಳ ಮಟ್ಟಿಗೆ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯು ತೆಗೆದುಹಾಕಿದೆ, ನಿಜ. ಆದರೆ ತಂದೆ ಬಿಟ್ಟುಹೋದ ಆಸ್ತಿಗೆ ಅಂಟಿದ ಹೊಣೆ ಹೋಗಿಲ್ಲ.

ನಮ್ಮವರು ಎಡವುವುದು ಇಲ್ಲಿಯೇ. ಪ್ರತ್ಯಯ ಕೊಡುತ್ತಿದ್ದೇವೆಂದು ಭಾವಿಸಿ ಮೂರನೆಯ ಬಗೆಯ ಪತ್ರಕ್ಕೆ ಸಹಿ ಹಾಕುತ್ತಾರೆ. "ಹುಡುಗ ಒಳ್ಳೆಯವನು, ಮನೆತನ ಗೊತ್ತು" ಎಂಬ ಪ್ರಶಂಸೆಯನ್ನು ಬ್ಯಾಂಕು ಕೇಳಿರುವುದೇ ಇಲ್ಲ. 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮಿನಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಮೂಲ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ. ಮೊದಲು ಸಾಲಗಾರನ ಆಸ್ತಿ ಹರಾಜಾಗಲಿ, ಕೊರತೆ ಬಿದ್ದರೆ ನನ್ನ ಬಳಿ ಬರಲಿ ಎಂಬ ಸಮಾಧಾನಕ್ಕೂ ಆಧಾರವಿಲ್ಲ. ಬ್ಯಾಂಕ್ ಆಫ್ ಬಿಹಾರ್ ಮತ್ತು ದಾಮೋದರ ಪ್ರಸಾದ್ ನಡುವಿನ ಮೊಕದ್ದಮೆಯಲ್ಲಿ ಕೆಳಗಿನ ನ್ಯಾಯಾಲಯವು ಅಂತಹ ಷರತ್ತು ವಿಧಿಸಿತ್ತು. ಸರ್ವೋಚ್ಚ ನ್ಯಾಯಾಲಯವು ಅದನ್ನು ತೆಗೆದುಹಾಕಿತು; ಹಾಗೆ ಕಾಯಬೇಕಾದರೆ ಜಾಮೀನು ಪಡೆದ ಉದ್ದೇಶವೇ ವಿಫಲವಾಗುತ್ತದೆಂದಿತು. ಅಂದಹಾಗೆ, ಸ್ಮೃತಿಯ ಆ 'ದಾನ'ಕ್ಕೂ ನಮ್ಮ ಆಹಾರ, ಅಭಯ, ಔಷಧ, ಶಾಸ್ತ್ರದಾನಗಳಿಗೂ ಹೆಸರಿನ ಸಾಮ್ಯ ಮಾತ್ರ. ಕೊಟ್ಟ ಕೂಡಲೇ ಮುಗಿಯುವುದು ನಮ್ಮ ದಾನ. ಸಹಿ ಹಾಕಿದ ದಿನದಿಂದ ಆರಂಭವಾಗುವುದು ಜಾಮೀನು.

ನಮ್ಮ ಪೇಟೆಯ ಜವಳಿ ವರ್ತಕರೊಬ್ಬರು ದೂರದ ಬಂಧುವಿನ ಓವರ್‌ಡ್ರಾಫ್ಟ್ ಖಾತೆಗೆ ಸಹಿ ಹಾಕಿ ಮರೆತಿದ್ದರು. ಕಾಯಿದೆ ಅದನ್ನು ಮುಂದುವರಿಯುವ ಜಾಮೀನು ಎನ್ನುತ್ತದೆ. ಖಾತೆ ವರ್ಷವರ್ಷವೂ ನವೀಕರಣವಾಗುತ್ತಿದ್ದಂತೆ ಇವರ ಹೊಣೆಯೂ ನಡೆದುಬಂದಿತ್ತು. ಮಗಳ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕಿದಾಗ ಇವರ ಸಾಲಚರಿತ್ರೆಯ ವರದಿಯಲ್ಲಿ ಬಂಧುವಿನ ಬಾಕಿ ಕಾಣಿಸಿತು. ಮನೆಯಾಕೆಗೆ ವಿಷಯ ತಿಳಿದದ್ದು ಅಂದೇ. ಮುಂದಿನ ವ್ಯವಹಾರಗಳ ಮಟ್ಟಿಗೆ ನೋಟೀಸು ಕೊಟ್ಟು ಜಾಮೀನು ಹಿಂತೆಗೆದುಕೊಳ್ಳಲು 130ನೆಯ ಕಲಮಿನಲ್ಲಿ ಅವಕಾಶವಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಕಾಯಿದೆ ಕೊಟ್ಟಿರುವ ಹಲವು ರಕ್ಷಣೆಗಳನ್ನು ಬಿಟ್ಟುಕೊಟ್ಟೆನೆಂಬ ವಾಕ್ಯಗಳು ಬ್ಯಾಂಕಿನ ಅಚ್ಚಾದ ಪತ್ರದಲ್ಲಿ ಸಾಮಾನ್ಯವಾಗಿ ಇರುತ್ತವೆಂಬುದೂ ಅವರಿಗೆ ತಿಳಿದಿರಲಿಲ್ಲ.

ಲೆಕ್ಕಶಾಸ್ತ್ರ ಓದಿದವರಿಗೆ ಗೊತ್ತು: ಸಂಸ್ಥೆಯೊಂದು ಬೇರೆಯವರಿಗೆ ಜಾಮೀನು ನಿಂತಿದ್ದರೆ ಆಢಾವೆ ಪತ್ರಿಕೆಯ ಟಿಪ್ಪಣಿಯಲ್ಲಿ ಸಂಭಾವ್ಯ ಹೊಣೆಯೆಂದು ಅದನ್ನು ತೋರಿಸುತ್ತಾರೆ. ಪರಿಗ್ರಹ ಪರಿಮಾಣ ವ್ರತ ಹಿಡಿದ ನಮ್ಮ ಶ್ರಾವಕರು ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣಗಳನ್ನು ಎಣಿಸಿ ಬರೆದಿಡುತ್ತಾರೆ. ಹಾಕಿದ ಸಹಿಗಳ ಟಿಪ್ಪಣಿ ಮಾತ್ರ ಎಲ್ಲಿಯೂ ಇರುವುದಿಲ್ಲ. ತನಗಿಷ್ಟೇ ಸಾಕೆಂದವನು ತನಗಿಲ್ಲದ ಹಣಕ್ಕೆ ಹೊಣೆಯಾಗುವುದು ಯಾವ ಮಿತಿ? ಇನ್ನೂ ಕೆಟ್ಟದ್ದೆಂದರೆ, ಸಾಲ ಮಂಜೂರಾಗಲೆಂದು ಜಾಮೀನುದಾರನ ಆಸ್ತಿಯ ಮೌಲ್ಯವನ್ನು ಹೆಚ್ಚಿಸಿ ಬರೆಯುವ ರೂಢಿ. "ಎಲ್ಲರೂ ಹಾಗೆಯೇ ಬರೆಯುತ್ತಾರೆ" ಎನ್ನುವವರು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದೆಂಬುದನ್ನು ಮತ್ತೊಮ್ಮೆ ಓದಿಕೊಳ್ಳಲಿ.

ಹಾಗಾದರೆ ಬಂಡವಾಳವಿಲ್ಲದ ಸಾಧರ್ಮಿಯ ಗತಿಯೇನು ಎಂಬ ಆಕ್ಷೇಪವುಂಟು. ಅದು ನ್ಯಾಯವಾದ ಆಕ್ಷೇಪವೇ. ಸ್ಥಿತಿಕರಣವೂ ಸಮ್ಯಗ್ದರ್ಶನದ ಅಂಗ, ಜಾರುವವನನ್ನು ನಿಲ್ಲಿಸಲೇಬೇಕು. ಐದು ಲಕ್ಷಕ್ಕೆ ಸಹಿ ಹಾಕಬಲ್ಲವನು ಐವತ್ತು ಸಾವಿರ ರೂಪಾಯಿ ಕೈಯಿಂದಲೇ ಕೊಡಲಿ, ಮರಳಿ ಬಾರದಿದ್ದರೂ ಕಲಹವಿಲ್ಲದಂತೆ. ಸಹಿಯೇ ಬೇಕಾದರೆ ತನ್ನ ಹೊಣೆ ಇಂತಿಷ್ಟು ಮೊತ್ತಕ್ಕೆ, ಇಂತಿಷ್ಟು ಅವಧಿಗೆ ಎಂದು ಪತ್ರದಲ್ಲಿಯೇ ಬರೆಯಿಸಲಿ, ಮನೆಯವರನ್ನು ಕೂರಿಸಿಕೊಂಡು ಓದಲಿ. ಆಮೇಲೆ ಕರೆ ಬಂದರೆ ತಲೆತಪ್ಪಿಸಿಕೊಳ್ಳದೆ ಹಣ ಕಟ್ಟಲಿ. ಕಟ್ಟಿದ್ದನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕನ್ನು 145ನೆಯ ಕಲಮು ಕೊಟ್ಟಿದೆ. ಸಾಲಗಾರನ ಕರ್ತವ್ಯವೂ ಕಡಿಮೆಯದಲ್ಲ. ಒಂದು ಕಂತು ತಪ್ಪುವ ಸೂಚನೆ ಕಂಡರೆ ಬ್ಯಾಂಕಿನ ನೋಟೀಸಿಗಿಂತ ಮೊದಲು ಅವನೇ ಜಾಮೀನುದಾರನ ಮನೆಗೆ ಹೋಗಿ ಹೇಳಬೇಕು. ನಾಚಿಕೆಯಿಂದ ಮುಖ ಮರೆಸುವವನು ಸಹಿ ಕೊಟ್ಟವನ ಕಾಲಾವಕಾಶವನ್ನೇ ಕದಿಯುತ್ತಾನೆ.

ಬಸದಿಗಳ ಟ್ರಸ್ಟುಗಳಿಗೆ ನೇರವಾಗಿ ಹೇಳಬೇಕಾದ ಮಾತೊಂದಿದೆ. ಟ್ರಸ್ಟಿನ ಪದಾಧಿಕಾರಿಯನ್ನು ಸಹಿಗಾಗಿ ಹುಡುಕಿಕೊಂಡು ಬರುವವರು ಅನೇಕ ವೇಳೆ ಅವನ ಹುದ್ದೆಯನ್ನು ಹುಡುಕಿಕೊಂಡು ಬಂದಿರುತ್ತಾರೆ. ಟ್ರಸ್ಟಿನ ಠೇವಣಿಯನ್ನು ಯಾರದೋ ಖಾಸಗಿ ಸಾಲಕ್ಕೆ ಆಧಾರವಾಗಿ ತೋರಿಸುವ ಆಲೋಚನೆಯಂತೂ ನಿರ್ಮಾಲ್ಯ ಸೇವನೆಗೆ ಸಮಾನ. ಅದರಲ್ಲಿ ಚರ್ಚೆಗೆ ಎಡೆಯಿಲ್ಲ. ಪೂಜೆ ಮುಗಿದ ಮೇಲೆ, ಹತ್ತು ಜನರೆದುರು, ಇಲ್ಲವೆನ್ನಲಾಗದ ಸಮಯ ನೋಡಿ ಸಹಿ ಕೇಳುವ ಪದ್ಧತಿಯನ್ನು ಬಸದಿಯ ಆವರಣದಲ್ಲಿ ನಿಷೇಧಿಸಿ ಟ್ರಸ್ಟುಗಳು ನಿರ್ಣಯ ಬರೆಯಬೇಕು. ಬರುವ ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯದ ದಿನ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರನ್ನು ಕರೆಸಿ, ಜಾಮೀನು ಪತ್ರವೊಂದನ್ನು ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ಓದಿ ವಿವರಿಸಿಸಲಿ. ಹೆಣ್ಣುಮಕ್ಕಳೂ ಬಂದು ಕೇಳಲಿ. ಮನೆ ಹರಾಜಿಗೆ ಬಂದರೆ ಅವರೂ ಅದೇ ಮನೆಯಲ್ಲಿರುವವರು.