ದಾಕ್ಷಿಣ್ಯಕ್ಕೆ ಒಲೆ ಹಚ್ಚಬೇಡಿ

ಕೇಟರಿಂಗ್ ಉದ್ಯೋಗಕ್ಕೆ ಇಳಿಯಬೇಕೆಂದು ವಿಚಾರಿಸಿಕೊಂಡು ಬರುವ ಕನ್ನಡಿಗರು ದೆಹಲಿ, ನೋಯ್ಡಾ, ಗುರುಗ್ರಾಮಗಳಲ್ಲಿ ಕಡಿಮೆಯೇನಿಲ್ಲ. ಕೇಂದ್ರ ಸರ್ಕಾರದ ಕಚೇರಿಯಿಂದ ನಿವೃತ್ತಿಗೆ ಹತ್ತಿರವಾದವರು, ಸಾಫ್ಟ್‌ವೇರ್ ಕೆಲಸ ಸಾಕೆನಿಸಿದವರು, ಮಕ್ಕಳು ದೊಡ್ಡವರಾದ ಮೇಲೆ ತಮ್ಮದೇ ಆದ ದುಡಿಮೆ ಬೇಕೆನ್ನುವ ಗೃಹಿಣಿಯರು, ಎಲ್ಲರೂ ಇದ್ದಾರೆ. ಇವರಲ್ಲಿ ಹೆಚ್ಚಿನವರ ಕೈರುಚಿಯ ಬಗ್ಗೆ ಸಂಶಯವಿಲ್ಲ. ಗಣೇಶನ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ನೂರು ಜನಕ್ಕೆ ಬಿಸಿಬೇಳೆಬಾತ್ ಮಾಡಿ ಬಡಿಸಿ ಸೈ ಎನ್ನಿಸಿಕೊಂಡವರೇ. ಆದರೂ ‘ನಮ್ಮ ಕೈಯಲ್ಲಿ ಆದೀತೆ?’ ಎಂದು ವರ್ಷಗಟ್ಟಲೆ ಹಿಂದೆ ಮುಂದೆ ನೋಡುತ್ತಾರೆ. ಧೈರ್ಯ ಮಾಡಿ ಇಳಿದವರಲ್ಲೂ ಕೆಲವರು ಒಂದು ಮದುವೆ ಸೀಸನ್ ಮುಗಿಯುವುದರೊಳಗೆ ಪಾತ್ರೆ ಮಾರಿ ಹಳೆಯ ನೌಕರಿ ಹುಡುಕಿಕೊಂಡು ಹೋಗುತ್ತಾರೆ.

ಇದಕ್ಕೆ ಬಂಡವಾಳ ಸಾಲದು, ಅಡುಗೆಗೆ ಜಾಗವಿಲ್ಲ ಎಂದು ಕಾರಣ ಹೇಳುವುದುಂಟು. ಅವೂ ನಿಜವೇ. ಆದರೆ ನಾವು ಕಂಡಂತೆ ಇವರನ್ನು ಮೊದಲು ಕೆಡಿಸುವುದು ದಾಕ್ಷಿಣ್ಯ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಇದು ಮನೆಯಿಂದಲೇ ಶುರುವಾಗುತ್ತದೆ. ‘ಇಷ್ಟೆಲ್ಲಾ ಓದಿ ಕಡೆಗೆ ಸೌಟು ಹಿಡಿಯುವುದಾ?’ ಎಂದು ಅಪ್ಪ ಅಮ್ಮ ಕೇಳುತ್ತಾರೆ. ‘ಅಡುಗೆಯವರು ಎಂದರೆ ಹುಡುಗಿಗೆ ಗಂಡು ಸಿಗುವುದು ಕಷ್ಟ’ ಎಂದು ಅತ್ತೆ ಮಾವ ಹೇಳುತ್ತಾರೆ. ಇದನ್ನೆಲ್ಲ ಮೀರಿ ಒಲೆ ಹಚ್ಚಿದವರಿಗೆ, ತಮ್ಮ ನಿರ್ಧಾರ ಸರಿಯೆಂದು ಎಲ್ಲರಿಗೂ ತೋರಿಸಿಕೊಡಬೇಕೆಂಬ ತವಕ. ಹೀಗಾಗಿ ಯಾರು ಏನು ಕೇಳಿದರೂ ‘ಆಗಲಿ’ ಎನ್ನುತ್ತಾರೆ. ತನ್ನ ಕೆಲಸಕ್ಕೆ ಬೆಲೆಯಿದೆ ಎಂಬ ನಂಬಿಕೆ ಇಲ್ಲದವರು ಬೆಲೆ ಹೇಳುವುದಾದರೂ ಹೇಗೆ? ಅಳುಕು ಮತ್ತು ದಾಕ್ಷಿಣ್ಯ ಒಂದೇ ಬಳ್ಳಿಯ ಕಾಯಿಗಳು.

ಒಂದು ಲೆಕ್ಕ ನೋಡೋಣ. 150 ಎಲೆಯ ಗೃಹಪ್ರವೇಶದ ಊಟ ಒಪ್ಪಿಕೊಂಡಿದ್ದೀರಿ ಎನ್ನಿ. ‘ನಮ್ಮವರೇ ಅಲ್ಲವೆ, ಎಲೆಗೆ ಐವತ್ತು ರೂಪಾಯಿ ಬಿಡಿ’ ಎನ್ನುತ್ತಾರೆ. ಅಲ್ಲಿಗೆ 7,500 ರೂಪಾಯಿ ಹೋಯಿತು. ‘ಪಂಜಾಬಿ ನೆಂಟರಿದ್ದಾರೆ, ಒಂದು ಪನೀರ್ ಇರಲಿ’ ಎಂದು ಮಾರನೆಯ ದಿನ ಫೋನು. ಊಟದ ಹೊತ್ತಿಗೆ ಎಲೆ 180 ದಾಟಿರುತ್ತದೆ. ಈ ಹಣ ಆಕಾಶದಿಂದ ಬೀಳುವುದಿಲ್ಲ. ಹೋಳಿಗೆಯ ಮೇಲಿನ ತುಪ್ಪ, ಕೋಸಂಬರಿಯ ಕಾಯಿತುರಿ, ಪಾತ್ರೆ ತೊಳೆಯುವವರ ಕೂಲಿ, ಇವುಗಳಿಂದಲೇ ಕಳೆಯಬೇಕು. ‘ಸಾರು ನೀರಾಗಿತ್ತು’ ಎಂದು ಮೊದಲು ಹೇಳುವವರೂ ಯಾರ ದಾಕ್ಷಿಣ್ಯಕ್ಕೆ ಇಷ್ಟೆಲ್ಲ ಮಾಡಿದಿರೋ ಅವರೇ.

ಅತಿಥಿಯ ನಾಲಿಗೆಯನ್ನು ತಣಿಸುವುದು ನಮ್ಮ ವೃತ್ತಿಧರ್ಮ. ಅವರ ಪ್ರತಿ ಮಾತಿಗೂ ಹೂಂಗುಟ್ಟುವುದು ವೃತ್ತಿಧರ್ಮವಲ್ಲ. ಈ ಎರಡನ್ನೂ ಒಂದೇ ಎಂದು ತಿಳಿದದ್ದರಿಂದಲೇ ಹೊಸಬರು ಸೋಲುತ್ತಿದ್ದಾರೆ.

ಇದೇ ದೆಹಲಿಯಲ್ಲಿ ಹೆಸರು ಮಾಡಿದ ಕಾರ್ಕಳದ ಜಯರಾಮ ಬನಾನ್ ಅವರ ಕಥೆ ನಮ್ಮ ಸದಸ್ಯರಿಗೆ ಹೊಸದಲ್ಲ. ಹುಡುಗನಾಗಿದ್ದಾಗ ಪರೀಕ್ಷೆಯಲ್ಲಿ ನಪಾಸಾಗಿ, ತಂದೆಗೆ ಹೆದರಿ ಮನೆ ಬಿಟ್ಟವರು ಅವರು. ಮುಂಬೈ ಕಡೆಯ ಕ್ಯಾಂಟೀನಿನಲ್ಲಿ ತಿಂಗಳಿಗೆ 18 ರೂಪಾಯಿ ಸಂಬಳಕ್ಕೆ ತಟ್ಟೆ ಲೋಟ ತೊಳೆದರು. 1970ರ ದಶಕದಲ್ಲಿ ಇತ್ತ ಬಂದು ಗಾಜಿಯಾಬಾದಿನ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ ಕ್ಯಾಂಟೀನ್ ನಡೆಸಿದರು. 1986ರಲ್ಲಿ ಡಿಫೆನ್ಸ್ ಕಾಲೊನಿಯಲ್ಲಿ ‘ಸಾಗರ್’ ತೆರೆದರು. ವುಡ್‌ಲ್ಯಾಂಡ್ಸ್‌ನಂಥ ಹೋಟೆಲಿನ ಗುಣಮಟ್ಟದ ದೋಸೆ, ಹಲ್ವಾಯಿ ಅಂಗಡಿಯ ದರ, ಇದು ಅಲ್ಲಿ ಅವರು ಹಾಕಿದ ಲೆಕ್ಕ. ಮುಂದೆ ಲೋಧಿ ಹೋಟೆಲಿನಲ್ಲಿ ‘ಸಾಗರ್ ರತ್ನ’ ಮಾಡಿದಾಗ ದರ ಹೆಚ್ಚಿಟ್ಟರು. ಅಲ್ಲಿಗೂ ಜನ ಬಂದರು. ಒಂದು ಕಡೆ ಕಡಿಮೆ, ಇನ್ನೊಂದು ಕಡೆ ಹೆಚ್ಚು. ಎರಡೂ ಕಡೆ ದರ ನಿಂತದ್ದು ನಡೆಸುವವರ ಲೆಕ್ಕದ ಮೇಲೆ ಎಂಬುದನ್ನು ಹೊಸಬರು ಗಮನಿಸಬೇಕು.

ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ ಇನ್ನೊಂದು ಪಾಠ. 1975ರಲ್ಲಿ ತುರ್ತು ಪರಿಸ್ಥಿತಿ ಬಂದ ಮೇಲೆ ಹೋಟೆಲ್ ತಿಂಡಿಯ ದರ ಇಳಿಸಬೇಕೆಂದು ಸರ್ಕಾರದ ಆಜ್ಞೆಯಾಯಿತು. ಹರಿಶ್ಚಂದ್ರ ಮಯ್ಯರು ದರ ಇಳಿಸಿದರೇ ಹೊರತು ಪದಾರ್ಥದ ಗುಣಮಟ್ಟ ಇಳಿಸಲಿಲ್ಲ. ದಿನದಿನದ ನಷ್ಟವನ್ನು ಬೋರ್ಡಿನ ಮೇಲೆ ಬರೆದು ಗಿರಾಕಿಗಳಿಗೆ ತೋರಿಸಿದರು. ನಷ್ಟ ತಡೆಯಲಾಗದೆ ಹೋದಾಗ ಹೋಟೆಲ್ ಮುಚ್ಚಿ, ಮಸಾಲೆ ಪುಡಿ ಮತ್ತು ತಿಂಡಿ ಮಿಕ್ಸ್‌ಗಳ ಕಡೆ ತಿರುಗಿದರು. ಆ ಪೊಟ್ಟಣಗಳು ಇಂದು ದೆಹಲಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತವೆ. ಸರ್ಕಾರದ ಆಜ್ಞೆಯ ಮುಂದೆಯೂ ಬಿಟ್ಟುಕೊಡದಿದ್ದ ಗುಣಮಟ್ಟವನ್ನು ನಾವು ನೆಂಟರ ಒಂದು ಮಾತಿಗೆ ಬಿಟ್ಟುಕೊಡುವುದೆ?

‘ಮೊದಮೊದಲು ಸ್ವಲ್ಪ ಬಗ್ಗಲೇಬೇಕು, ಹೆಸರು ಬಂದ ಮೇಲೆ ದುಡ್ಡು’ ಎಂದು ವಾದಿಸುವವರಿದ್ದಾರೆ. ಅದರಲ್ಲಿ ಅರ್ಧ ಸತ್ಯವಿದೆ. ಮೊದಲ ವರ್ಷ ನಿಮ್ಮ ಸ್ವಂತ ಲಾಭ ಬಿಟ್ಟುಕೊಡಿ, ತಪ್ಪಲ್ಲ. ಸಹಾಯಕರ ಕೂಲಿ, ಎಣ್ಣೆ ತುಪ್ಪದ ಗುಣ, ಒಪ್ಪಿಕೊಂಡ ಎಲೆಯ ಸಂಖ್ಯೆ, ಈ ಮೂರರಲ್ಲಿ ಬಗ್ಗಬೇಡಿ. ಬಂಧುಗಳಿಗೆ ಏನಾದರೂ ಕೊಡಲೇಬೇಕೆನಿಸಿದರೆ ಒಂದು ಸಿಹಿಯನ್ನು ನಿಮ್ಮ ಉಡುಗೊರೆಯೆಂದು ಬಡಿಸಿ. ದರ ಮಾತ್ರ ಎಲ್ಲರಿಗೂ ಒಂದೇ ಇರಲಿ.

ಇನ್ನು ಅಳುಕಿನ ಮಾತು. ಅಳುಕು ಉಪದೇಶದಿಂದ ಹೋಗುವುದಿಲ್ಲ, ಕೆಲಸ ಕೈಗೆ ಹತ್ತಿದಂತೆ ಹೋಗುತ್ತದೆ. ಜನವರಿಯ ಚಳಿಯಲ್ಲಿ ಇಡ್ಲಿ ಹಿಟ್ಟು ರಾತ್ರಿಯಿಡೀ ಇಟ್ಟರೂ ಉಬ್ಬುವುದಿಲ್ಲ. ಬೆಚ್ಚಗಿನ ನೀರಿನಲ್ಲಿ ರುಬ್ಬಿ ಕಂಬಳಿ ಹೊದಿಸಿ ಇಡಬೇಕು. ಮೇ ತಿಂಗಳಲ್ಲಿ ಅದೇ ಹಿಟ್ಟು ಕೆಲವೇ ಗಂಟೆಗಳಲ್ಲಿ ಹುಳಿಯಾಗುತ್ತದೆ. ನೋಯ್ಡಾ, ಗುರುಗ್ರಾಮದ ಗಡಸು ಬೋರ್‌ವೆಲ್ ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುವುದಿಲ್ಲ, ಕಾಫಿಯ ರುಚಿಯೂ ಕೆಡುತ್ತದೆ. ಊರಿನ ಅಡುಗೆ ಬಲ್ಲವರೂ ಇಲ್ಲಿನ ಹವೆ, ನೀರು ಕಲಿಯಬೇಕು. ಆದ್ದರಿಂದ ಒಂದು ಸೀಸನ್ ಅನುಭವಸ್ಥರ ಕೈಕೆಳಗೆ ದುಡಿಯಿರಿ. ಆಮೇಲೆ 25 ಎಲೆ, 50 ಎಲೆ ಮಾಡಿ, ಖರ್ಚನ್ನು ಡೈರಿಯಲ್ಲಿ ಬರೆದಿಟ್ಟು, ಅದರ ಮೇಲೆ 100 ಎಲೆ ಒಪ್ಪಿಕೊಳ್ಳಿ. ಡೈರಿಯಲ್ಲಿ ಲೆಕ್ಕವಿದ್ದವರ ಬಾಯಲ್ಲಿ ದರ ತಡವರಿಸುವುದಿಲ್ಲ.

ಕಾಗದಪತ್ರವೂ ಧೈರ್ಯ ಕೊಡುತ್ತದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ನೋಂದಣಿ ಅಥವಾ ಲೈಸೆನ್ಸ್ ಮಾಡಿಸಿ. ಆರ್ಡರ್ ಫಾರಂ ಅಚ್ಚು ಹಾಕಿಸಿ, ಅದರಲ್ಲಿ ಎಲೆಯ ಸಂಖ್ಯೆ, ಪದಾರ್ಥಗಳ ಪಟ್ಟಿ, ಮುಂಗಡ, ಹೆಚ್ಚಾದ ಎಲೆಯ ದರ, ಸಂಖ್ಯೆ ಖಚಿತಪಡಿಸಬೇಕಾದ ಕೊನೆಯ ದಿನ, ಇಷ್ಟನ್ನೂ ಬರೆದು ಎರಡೂ ಕಡೆಯವರು ಸಹಿ ಹಾಕಿ. ಬಾಯಿಬಿಟ್ಟು ‘ಆಗುವುದಿಲ್ಲ’ ಎನ್ನಲು ಸಂಕೋಚಪಡುವವರ ಪರವಾಗಿ ಆ ಫಾರಂ ಮಾತಾಡುತ್ತದೆ.

ಕಡೆಯದಾಗಿ ಹಳಬರಿಗೂ ಒಂದು ಮಾತು. ಹೊಸಬರು ಧೈರ್ಯವಾಗಿ ‘ಈ ದರಕ್ಕೆ ಆಗುವುದಿಲ್ಲ’ ಎಂದ ಕಡೆಗೆ ನಮ್ಮಲ್ಲೇ ಕೆಲವರು ಹೋಗಿ ಅದಕ್ಕಿಂತ ಕಡಿಮೆಗೆ ಒಪ್ಪಿಕೊಳ್ಳುತ್ತಾರೆ. ‘ಇದು ನಿಮ್ಮಂಥ ಓದಿದವರ ಕೆಲಸವಲ್ಲ’ ಎಂದು ನಿರುತ್ಸಾಹಗೊಳಿಸುವವರೂ ಇದ್ದಾರೆ. ಊರಿನಿಂದ ಅಡುಗೆ ಭಟ್ಟರನ್ನು ಕರೆಸುವುದು ದಿನೇದಿನೇ ಕಷ್ಟವಾಗುತ್ತಿದೆ. ನಮ್ಮ ಮಕ್ಕಳು ಬೇರೆ ದಾರಿ ಹಿಡಿದಿದ್ದಾರೆ. ಇಲ್ಲಿ ಹೊಸ ಕೈಗಳು ಬಾರದಿದ್ದರೆ ರಾಜಧಾನಿಯ ಕನ್ನಡಿಗರ ಮದುವೆ ಮುಂಜಿಗಳಲ್ಲಿ ತೊವ್ವೆ, ಹುಳಿ, ಹೋಳಿಗೆ ಬಡಿಸುವವರು ಯಾರು?

ಸಂಘದ ಪ್ರತಿಯೊಬ್ಬ ಹಿರಿಯ ಸದಸ್ಯರೂ ಈ ಚಳಿಗಾಲದ ಸೀಸನ್ನಿನಲ್ಲಿ ಒಬ್ಬ ಹೊಸಬರನ್ನು ಜೊತೆಗಿಟ್ಟುಕೊಳ್ಳಲಿ, ಎಲ್ಲರೂ ಬಳಸುವಂಥ ಒಂದೇ ಆರ್ಡರ್ ಫಾರಂ ಸಂಘದಿಂದ ಹೊರಬರಲಿ ಎಂಬುದು ನಮ್ಮ ಸೂಚನೆ. ಮುಂದಿನ ಸಭೆಯಲ್ಲಿ ಸದಸ್ಯರು ಇದನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಕೋರುತ್ತೇವೆ.