ಸಲೈನ್ ಏರಿಸಿದರೆ ಸಾಕೇ? ಒಂದು ಮಾತು ಕೇಳಬೇಡವೇ?

ಅಪರಾತ್ರಿಯಲ್ಲಿ ಜೀಪಿಗೆ ಹಾಕಿಕೊಂಡು ಒಬ್ಬನನ್ನು ತಾಲೂಕು ದವಾಖಾನೆಗೆ ತರುತ್ತಾರೆ. ಬೆಳೆಗೆ ಹೊಡೆಯುವ ಔಷಧಿ ಹೊಟ್ಟೆಗೆ ಹೋಗಿರುತ್ತದೆ. ಡಾಕ್ಟರು, ಸಿಸ್ಟರು ನಿದ್ದೆಗೆಟ್ಟು ಓಡಾಡಿ ಜೀವ ಉಳಿಸುತ್ತಾರೆ. ನಾಲ್ಕಾರು ದಿನಕ್ಕೆ ಡಿಸ್ಚಾರ್ಜ್. "ತಪ್ಪಿ ಕುಡದಾನ್ರೀ" ಎಂದು ಬರೆಸಿ ಮನೆಯವರು ತಲೆ ತಗ್ಗಿಸಿ ಬಸ್ಸು ಹತ್ತುತ್ತಾರೆ. ಈ ನಾಲ್ಕು ದಿನದಲ್ಲಿ ಯಾರಾದರೂ ಅವನ ಮಗ್ಗುಲಲ್ಲಿ ಕೂತು, "ಯಾಕಪ್ಪಾ, ಜೀವ ಬ್ಯಾಡ ಅನಸ್ಯದೇನು?" ಎಂದು ಕೇಳಿದರೇ? ಎಷ್ಟೋ ಸಲ ಇಲ್ಲ. ಹೊಟ್ಟೆ ತೊಳೆದಾಯಿತು, ಮನಸ್ಸು ಹಾಗೇ ಉಳಿಯಿತು.

ಇದು ಸಣ್ಣ ಮಾತಲ್ಲ. 1998ರ ಸುಮಾರಿಗೆ ತೊಗರಿ ಕೈಕೊಟ್ಟು ರೈತರು ಸಾಲುಸಾಲಾಗಿ ಜೀವ ತೆಗೆದುಕೊಂಡಾಗ ಇಡೀ ರಾಜ್ಯ ತಿರುಗಿ ನೋಡಿದ್ದು ಇದೇ ಬೀದರ ಜಿಲ್ಲೆಯತ್ತ. ಸರಕಾರದ ಲೆಕ್ಕದಂತೆ 2022ರಲ್ಲಿ ಕರ್ನಾಟಕದಲ್ಲಿ 13,606 ಜನ ಆತ್ಮಹತ್ಯೆಗೆ ಬಲಿಯಾದರು. ರೈತ, ಕೂಲಿಕಾರ, ವಿದ್ಯಾರ್ಥಿ, ಸೊಸೆ, ಅಂಗಡಿಕಾರ ಎಂಬ ಭೇದ ಇದಕ್ಕಿಲ್ಲ.

"ಕೇಳಿದರೆ ಇಲ್ಲದ ವಿಚಾರ ತಲೆಗೆ ತುಂಬಿದ ಹಾಗಾಗುತ್ತದೆ" ಎಂಬ ಅಂಜಿಕೆ ಜನರಲ್ಲಿ ಇದೆ, ದವಾಖಾನೆಗಳಲ್ಲೂ ಇದೆ. ಇದು ಸುಳ್ಳು ಅಂಜಿಕೆ. ನೇರವಾಗಿ, ಮೆಲ್ಲಗೆ ಕೇಳಿದರೆ ಎದೆಯ ಭಾರ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಮನೋರೋಗ ಶುಶ್ರೂಷೆ ಕಲಿತ ನರ್ಸಿಗೆ ಇದು ಮೊದಲ ಪಾಠ. ಸಾಯುವ ವಿಚಾರ ಈಗಲೂ ಇದೆಯೇ? ಹೀಗೇ ಮಾಡಬೇಕೆಂದು ಮನಸ್ಸಿನಲ್ಲಿ ಗೊತ್ತು ಮಾಡಿಕೊಂಡಿದ್ದಾನೆಯೇ? ಅದಕ್ಕೆ ಬೇಕಾದ್ದು ಮನೆಯಲ್ಲಿ ಕೈಗೆ ಸಿಗುವಂತಿದೆಯೇ? ಹಿಂದೆ ಯತ್ನಿಸಿದ್ದುಂಟೇ? ಕುಡಿತ, ಸಾಲ, ಜಗಳ ಏನಿದೆ? ಬದುಕಿಗೆ ಹಿಡಿದಿಟ್ಟಿರುವವರು ಯಾರು? ಇವಿಷ್ಟೇ ಪ್ರಶ್ನೆ. ಮನೆಯವರನ್ನು ಹೊರಗೆ ಕಳಿಸಿ, ರೋಗಿಯ ಮಾತಿನಲ್ಲೇ, ಅದು ಕನ್ನಡವಿರಲಿ, ಉರ್ದು, ಮರಾಠಿ ಇರಲಿ, ಕೇಳಬೇಕು.

ಕೇಳಿ ಒಂದು ನಮೂನೆಗೆ ಅಂಕಿ ತುಂಬಿದರೆ ಕೆಲಸ ಮುಗಿಯಲಿಲ್ಲ. ಯಾವ ಅಂಕಿಯೂ ನಾಳೆಯನ್ನು ಹೇಳಲಾರದು. ಮುಂಜಾನೆ ನಗುವವನು ಸಂಜೆಗೆ ಕುಗ್ಗಬಹುದು. ನಿನ್ನೆಯವರೆಗೆ ಒದ್ದಾಡುತ್ತಿದ್ದವನು ಒಮ್ಮೆಲೇ ಶಾಂತನಾದರೆ "ಸುಧಾರಿಸಿದ" ಎಂದು ಬಿಡದೆ ಮತ್ತೆ ಕೇಳಬೇಕು. ಪಾಳಿ ಬದಲಾಗುವಾಗ ಒಬ್ಬ ಸಿಸ್ಟರು ಇನ್ನೊಬ್ಬರಿಗೆ ಸಲೈನ್ ಬಾಟಲಿಯ ಲೆಕ್ಕದ ಜೊತೆ ಇದನ್ನೂ ಹೇಳಬೇಕು, ಕೇಸ್ ಶೀಟಿನಲ್ಲಿ ಬರೆಯಬೇಕು.

ಎಲ್ಲಕ್ಕಿಂತ ಅಪಾಯದ ಕಾಲ ಮನೆಗೆ ಹೋದ ಮೇಲಿನ ಮೊದಲ ವಾರಗಳು. 2008ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನವೊಂದು ಚೆನ್ನೈ ಸೇರಿ ಐದು ದೇಶಗಳಲ್ಲಿ ನಡೆದಿತ್ತು. ಬಿಡುಗಡೆಗೆ ಮುಂಚೆ ಒಂದು ತಾಸು ಮಾತು, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನು ಇಲ್ಲವೇ ಭೇಟಿ. ಅಷ್ಟಕ್ಕೇ ಆತ್ಮಹತ್ಯೆಯ ಸಾವುಗಳು ಸ್ಪಷ್ಟವಾಗಿ ಇಳಿದವು. ಇದಕ್ಕೆ ದೊಡ್ಡ ಯಂತ್ರ ಬೇಕೇ? ಕೋಟಿ ರೂಪಾಯಿ ಬೇಕೇ?

ಕೇಸಿನ ಭಯವೂ ಹೋಗಬೇಕು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರ ಆರೈಕೆ ಸರಕಾರದ ಕರ್ತವ್ಯ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳಿತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಮು ಇಲ್ಲವೇ ಇಲ್ಲ. ಸರಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿ ಮಾಡಲು ಯತ್ನಿಸಿದರೆ ಮಾತ್ರ ಅಪರಾಧ. ಹಾಗಿರುವಾಗ ನೊಂದವರು ಸುಳ್ಳು ಬರೆಸುವ ಗರಜು ಏನಿದೆ?

"ಮನೋವೈದ್ಯರೇ ಇಲ್ಲದ ಕಡೆ ಏನು ಮಾಡುವುದು?" ಎಂಬ ನೆಪ ಹಳೆಯದು. 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ದಾರಿ ತೋರಿಸಿದರು. 1996ರಲ್ಲಿ ದೇಶವೇ ಅದನ್ನು ಅನುಸರಿಸಿತು. ತಜ್ಞರು ಬರುವ ದಿನದವರೆಗೆ ಸಂಕಟ ಕಾಯುವುದಿಲ್ಲ. ಹಗಲೂ ರಾತ್ರಿ ವಾರ್ಡಿನಲ್ಲಿ ಇರುವವರು ಸಿಸ್ಟರುಗಳು. ಅವರಿಗೇ ಈ ವಿದ್ಯೆ ಸಿಗಬೇಕು, ಕೂತು ಮಾತಾಡಲು ಪುರಸೊತ್ತೂ ಸಿಗಬೇಕು. ಒಬ್ಬರೇ ಮೂವತ್ತು ಹಾಸಿಗೆ ನೋಡುವಂತಿದ್ದರೆ ಯಾರ ಕಣ್ಣೀರು ಒರೆಸಿಯಾರು?

ಊರಿನ ಪಾಲೂ ಇದೆ. ಔಷಧಿ ಡಬ್ಬಿ ಅಡಿಗೆ ಮನೆಯ ಮೂಲೆಯಲ್ಲಿ ಬೀಳದೆ ಬೀಗದೊಳಗೆ ಇರಲಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮನಸ್ ಎಂಬ ಉಚಿತ ಸಹಾಯವಾಣಿಯ ನಂಬರು 14416. ಹಗಲಿರುಳು ಕನ್ನಡದಲ್ಲೇ ಮಾತಾಡಬಹುದು. ಹುಮನಾಬಾದ, ಬಸವಕಲ್ಯಾಣದ ಬಸ್ ನಿಲ್ದಾಣಗಳಲ್ಲಿ, ಗೊಬ್ಬರದಂಗಡಿ, ಚಹದಂಗಡಿಗಳ ಗೋಡೆಯ ಮೇಲೆ ಈ ಐದು ಅಂಕಿ ಬರೆಸಲು ಒಂದು ಡಬ್ಬಿ ಬಣ್ಣ ಸಾಕು.

ಕೂತು ಮಾತಾಡಿ ಬದುಕಿನ ಗಂಟು ಬಿಡಿಸಲೆಂದು ಎಂಟು ನೂರು ವರ್ಷದ ಹಿಂದೆ ಅನುಭವ ಮಂಟಪ ಕಟ್ಟಿದ ಊರು ಕಲ್ಯಾಣ. ಆ ಊರಿನ ಸುತ್ತಮುತ್ತ ಸಾವಿನ ಬಾಗಿಲಿಂದ ಮರಳಿದವನನ್ನು ಒಂದು ಮಾತೂ ಕೇಳದೆ ಮನೆಗೆ ಅಟ್ಟುವುದು ನಾಚಿಕೆಗೇಡು. ಜಿಲ್ಲಾ ಆರೋಗ್ಯ ಅಧಿಕಾರಿಗಳು ಇತ್ತ ಗಮನ ಹರಿಸುವರೇ?